ಕಿಡ್ನಿ ಊತಕ್ಕೆ ಕ್ಯಾನ್ಸರ್ ಹಣೆಪಟ್ಟಿ ಬೇಡ

ಹನೂರು ಕಡೆಯ ರೈತರೊಬ್ಬರಿಗೆ ತಿಂಗಳಿಂದ ಪಕ್ಕೆನೋವು ಎಂದಿಟ್ಟುಕೊಳ್ಳೋಣ. ಕೊಳ್ಳೇಗಾಲಕ್ಕೆ ಬಂದು ಸ್ಕ್ಯಾನಿಂಗ್ ಮಾಡಿಸಿದರೆ ಎಡ ಕಿಡ್ನಿಯಲ್ಲಿ ನೀರು ತುಂಬಿ ಊದಿಕೊಂಡಿದೆ ಎಂದು ವರದಿ ಬರುತ್ತದೆ. ಯಾವುದಕ್ಕೂ ಇರಲಿ ಎಂದು ಮಾಡಿಸಿದ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಸಿ.ಎ. 19-9 ಎಂಬ ಸಾಲೂ ಇದೆ. 37ರೊಳಗಿರಬೇಕಾದದ್ದು 400 ದಾಟಿದೆ. ಆ ಸಂಖ್ಯೆ ಮಾತ್ರ ದಪ್ಪಕ್ಷರದಲ್ಲಿ, ಪಕ್ಕದಲ್ಲೊಂದು ಮೇಲ್ಮುಖದ ಬಾಣ. ವರದಿಯ ಫೋಟೊ ಬೆಂಗಳೂರಿನಲ್ಲಿರುವ ಅಳಿಯನ ವಾಟ್ಸ್‌ಆ್ಯಪ್‌ಗೆ ಹೋಗುತ್ತದೆ. ಆತ ಮೊಬೈಲ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ.

ಆ ಬಾಣದ ಗುರುತು ಕ್ಯಾನ್ಸರ್ ಎಂದು ಹೇಳುತ್ತಿಲ್ಲ. ಸಿ.ಎ. 19-9 ಅನ್ನು ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿ ಹಿಲರಿ ಕೊಪ್ರೊವ್‌ಸ್ಕಿ ಅವರ ತಂಡ 1979ರಲ್ಲಿ ಗುರುತಿಸಿತು. ಅದು ಕ್ಯಾನ್ಸರ್ ಕೋಶಗಳು ಮಾತ್ರ ತಯಾರಿಸುವ ವಸ್ತುವಲ್ಲ. ಮೇದೋಜೀರಕ ಗ್ರಂಥಿ, ಪಿತ್ತನಾಳ, ಕರುಳು ಮಾತ್ರವಲ್ಲದೆ ಕಿಡ್ನಿ ಮತ್ತು ಮೂತ್ರನಾಳದ ಒಳಪದರದ ಆರೋಗ್ಯವಂತ ಕೋಶಗಳೂ ಅದನ್ನು ಸ್ವಲ್ಪ ಸ್ವಲ್ಪ ತಯಾರಿಸುತ್ತಿರುತ್ತವೆ. ಸಾಮಾನ್ಯವಾಗಿ ಅದು ಮೂತ್ರದ ಜತೆ ಹೊರಗೆ ಹೋಗುತ್ತದೆ. ಕಲ್ಲು ಸಿಕ್ಕಿಕೊಂಡೋ, ನಾಳ ಹುಟ್ಟಿನಿಂದಲೇ ಕಿರಿದಾಗಿದ್ದೋ ಮೂತ್ರ ಕಟ್ಟಿಕೊಂಡಾಗ ಒಳಗಿನ ಒತ್ತಡ ಏರುತ್ತದೆ, ಒಳಪದರ ಕೆರಳಿ ಇನ್ನೂ ಹೆಚ್ಚು ತಯಾರಿಸುತ್ತದೆ, ಹೊರಹೋಗಲು ದಾರಿಯಿಲ್ಲದ್ದು ರಕ್ತಕ್ಕೆ ಜಿನುಗುತ್ತದೆ. ವೈದ್ಯರು ಹೈಡ್ರೊನೆಫ್ರೋಸಿಸ್ ಎನ್ನುವ ಈ ಊತದಲ್ಲಿ, ಗಡ್ಡೆಯ ಸುಳಿವೂ ಇಲ್ಲದೆ ಸಿ.ಎ. 19-9 ಸಾವಿರ ದಾಟಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಡ್ಡಿ ತೆಗೆದು ಮೂತ್ರ ಹರಿಯಲು ಬಿಟ್ಟಾಗ, ಇಲ್ಲವೇ ಪೂರ್ತಿ ಕೆಟ್ಟ ಕಿಡ್ನಿಯನ್ನು ತೆಗೆದಾಗ, ಅದೇ ಸಂಖ್ಯೆ ಕೆಲವು ವಾರಗಳಲ್ಲಿ ಸಹಜ ಮಟ್ಟಕ್ಕೆ ಇಳಿದಿದೆ.

ಪಿತ್ತನಾಳದ ಕಲ್ಲು, ಕಾಮಾಲೆ, ಮೇದೋಜೀರಕದ ಉರಿಯೂತದಲ್ಲೂ ಇದು ಏರುತ್ತದೆ. ಇನ್ನೊಂದು ಸಂಗತಿಯನ್ನು ಚೆಕಪ್ ಪ್ಯಾಕೇಜ್ ಮಾರುವವರು ಹೇಳುವುದಿಲ್ಲ: ನೂರರಲ್ಲಿ ಐದರಿಂದ ಹತ್ತು ಮಂದಿಯ ದೇಹ ರಕ್ತದ ಗುಂಪಿಗೆ ಸಂಬಂಧಿಸಿದ ಕಾರಣದಿಂದ ಈ ವಸ್ತುವನ್ನು ತಯಾರಿಸುವುದೇ ಇಲ್ಲ. ಅವರಿಗೆ ಕ್ಯಾನ್ಸರ್ ಬಂದರೂ ವರದಿ ನಾರ್ಮಲ್ ಎನ್ನುತ್ತದೆ. ಆರೋಗ್ಯವಂತರಲ್ಲಿ ಕ್ಯಾನ್ಸರ್ ಹುಡುಕಲು ಈ ಪರೀಕ್ಷೆ ಸಲ್ಲದು ಎಂದು ತಜ್ಞ ಸಂಸ್ಥೆಗಳು ಹೇಳುತ್ತಿರುವುದು ಇದಕ್ಕೇ. ಮೂವತ್ತು ದಾಟಿದವರಿಗೆ ಸರ್ಕಾರ ನಡೆಸುವ ತಪಾಸಣೆಯಲ್ಲೂ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳನ್ನಷ್ಟೇ ನೋಡುತ್ತಾರೆ, ಅದೂ ಸಿ.ಎ. 19-9ರಂತೆ ರಕ್ತದಲ್ಲಿ ಗಡ್ಡೆಯ ಸುಳಿವು ಹುಡುಕುವ ಟ್ಯೂಮರ್ ಮಾರ್ಕರ್‌ನಿಂದಲ್ಲ.

ನನ್ನ ಆತಂಕ ಹಣದ ಬಗ್ಗೆ ಮಾತ್ರ ಅಲ್ಲ, ಸಮಯದ ಬಗ್ಗೆ. ಕಟ್ಟಿಕೊಂಡ ಕಿಡ್ನಿ ಕಾಯುವುದಿಲ್ಲ. ಪೂರ್ತಿ ಅಡ್ಡಿಯಾದರೆ ವಾರಗಳಲ್ಲೇ ಶಾಶ್ವತ ಹಾನಿ ಶುರುವಾಗುತ್ತದೆ. ಜತೆಗೆ ಚಳಿ ಜ್ವರ ಬಂದರೆ ಸೋಂಕು ರಕ್ತಕ್ಕೆ ಇಳಿದು ಜೀವಕ್ಕೇ ಕುತ್ತು, ಅಂಥವರಿಗೆ ಅಂದೇ ಮೂತ್ರನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಬೇಕು ಇಲ್ಲವೇ ಬೆನ್ನಿನಿಂದ ಟ್ಯೂಬ್ ಇಳಿಸಿ ಮೂತ್ರ ಹೊರತೆಗೆಯಬೇಕು. ಮನೆಯವರು ಇಲ್ಲದ ಗಡ್ಡೆಯನ್ನು ಹುಡುಕುತ್ತ ಒಂದು ಊರಿಂದ ಇನ್ನೊಂದು ಊರಿಗೆ ಅಲೆಯುವಷ್ಟರಲ್ಲಿ ಉಳಿಸಬಹುದಾಗಿದ್ದ ಕಿಡ್ನಿ ಕೈಬಿಟ್ಟಿರುತ್ತದೆ.

ಕೊಳ್ಳೇಗಾಲ, ಹನೂರು, ಯಳಂದೂರಿನ ಜನರಿಗೆ ಈ ಅಲೆದಾಟದ ಭಾರ ಹೆಚ್ಚು. ಕೊಳ್ಳೇಗಾಲದಿಂದ ಮೈಸೂರಿಗೇ ಸುಮಾರು 60 ಕಿ.ಮೀ. ಮಲೆ ಮಹದೇಶ್ವರ ಬೆಟ್ಟದ ಆಚೀಚಿನ ಹಳ್ಳಿಯವರು, ಬಿಳಿಗಿರಿರಂಗನ ಬೆಟ್ಟದ ಪೋಡುಗಳ ಸೋಲಿಗರು ಮೊದಲು ತಾಲ್ಲೂಕು ಕೇಂದ್ರಕ್ಕೆ ಇಳಿಯಬೇಕು, ಅಲ್ಲಿಂದ ಮುಂದಿನ ಬಸ್ಸು. ಒಂದು ಸಲ ಹೋಗಿ ಬಂದರೆ ರೋಗಿಯದೂ ಜತೆಗಾರರದೂ ಕೂಲಿ ಹೋಯಿತು. ಬಿಸಿಲಲ್ಲಿ ಹೊಲದಲ್ಲಿ, ಕಲ್ಲು ಕ್ವಾರಿಯಲ್ಲಿ ದುಡಿಯುವವರಿಗೆ ಬೆವರು ಹೆಚ್ಚು, ಕುಡಿಯುವ ನೀರು ಕಡಿಮೆ. ಕೆಲಸದ ಜಾಗದಲ್ಲಿ ಶೌಚಾಲಯವಿಲ್ಲದೆ ಹೆಂಗಸರು ಬೇಕೆಂದೇ ನೀರು ಕುಡಿಯುವುದಿಲ್ಲ. ಕಿಡ್ನಿ ಕಲ್ಲಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿಲ್ಲ.

ಹಾಗೆಂದು ಏರಿದ ಸಂಖ್ಯೆಯನ್ನು ಕಸದ ಬುಟ್ಟಿಗೆ ಹಾಕಿ ಎನ್ನುತ್ತಿಲ್ಲ. ಮೂತ್ರನಾಳದ ಒಳಪದರದ ಕ್ಯಾನ್ಸರ್ ಕೂಡ ಕಿಡ್ನಿಯನ್ನು ಊದಿಸಬಹುದು, ಇದೇ ಮಾರ್ಕರನ್ನು ಏರಿಸಬಹುದು. ಮೂತ್ರದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಸಿ.ಟಿ. ಸ್ಕ್ಯಾನ್‌ನಲ್ಲಿ ಅನುಮಾನದ ಗುರುತು ಇದ್ದರೆ ತನಿಖೆ ಮುಂದುವರಿಯಲೇಬೇಕು. ಇವು ಯಾವುವೂ ಇಲ್ಲದಿದ್ದರೆ ದಾರಿ ನೇರ: ಕ್ರಿಯೇಟಿನಿನ್, ಮೂತ್ರಪರೀಕ್ಷೆ, ಸಿ.ಟಿ. ಸ್ಕ್ಯಾನ್ ಮಾಡಿ ಅಡ್ಡಿ ಎಲ್ಲಿದೆ ಎಂದು ಪತ್ತೆಹಚ್ಚಿ ತೆಗೆಯುವುದು, ಕೆಲವು ವಾರ ಬಿಟ್ಟು ಮಾರ್ಕರನ್ನು ಮತ್ತೆ ಅಳೆಯುವುದು. ಇಳಿದರೆ ಮಾತು ಮುಗಿಯಿತು, ಇಳಿಯದಿದ್ದರೆ ಹುಡುಕಾಟ ಮುಂದುವರಿಯಲಿ.

ಇದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ. 2016ರಲ್ಲಿ ಆರಂಭವಾದ ಚಾಮರಾಜನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಮೂತ್ರರೋಗ ತಜ್ಞರು ಸದಾ ಸಿಗುವಂತಿರಬೇಕು, ಸ್ಟೆಂಟ್ ಹಾಕಲು ಮೂರೂ ತಾಲ್ಲೂಕಿನವರು ಅಲ್ಲಿಂದ ಮುಂದೆ ಹೋಗುವಂತಾಗಬಾರದು. ಲ್ಯಾಬ್‌ಗಳು ವೈದ್ಯರ ಚೀಟಿಯಿಲ್ಲದೆ ಟ್ಯೂಮರ್ ಮಾರ್ಕರ್ ಮಾಡುವುದನ್ನು ನಿಲ್ಲಿಸಲಿ, ಮಾಡಿದ ವರದಿಯ ಕೆಳಗೆ ‘ಕಿಡ್ನಿ ಊತ, ಪಿತ್ತಕಲ್ಲಿನಲ್ಲೂ ಇದು ಏರಬಹುದು’ ಎಂದು ಕನ್ನಡದಲ್ಲಿ ಒಂದು ಸಾಲು ಅಚ್ಚು ಹಾಕಲಿ. ಅಂಥ ವರದಿ ನಿಮ್ಮ ಕೈಗೆ ಬಂದರೆ ಜಮೀನು ಅಡ ಇಡುವ ಮೊದಲು ವೈದ್ಯರನ್ನು ಕೇಳಿ: ಮೂತ್ರ ಎಲ್ಲಿ ಕಟ್ಟಿಕೊಂಡಿದೆ, ಅದನ್ನು ಯಾವತ್ತು ಬಿಡಿಸುತ್ತೀರಿ?