ಬಾಡಿಗೆಯಿಂದ ಬಿಡುಗಡೆಯಾದ ಮನೆಗಾಡಿ

ಓಮನ ನಿಯಮದಿಂದ ಬಾಳಿನಲ್ಲಿ ಏನು ಉಪಯೋಗವೆಂದು ನನ್ನ ವಿದ್ಯಾರ್ಥಿಗಳು ವರ್ಷವರ್ಷವೂ ಕೇಳುತ್ತಾರೆ. ಪರೀಕ್ಷೆಯಲ್ಲಿ ಐದು ಅಂಕಗಳು ದೊರೆಯುವುವು ಎಂಬ ಉತ್ತರಕ್ಕಿಂತ ಹೆಚ್ಚಿನದನ್ನು ಅವರು ನಿರೀಕ್ಷಿಸುವುದೂ ಇಲ್ಲ. ಈ ಪ್ರಶ್ನೆಗೆ ತಕ್ಕ ಉತ್ತರವೊಂದು ಒಂದು ಬೇಸಗೆಯ ರಜೆಯಲ್ಲಿ ನನಗೆ ದೊರೆಯಿತು. ಅದನ್ನು ಕೊಟ್ಟುದು ಪುಸ್ತಕವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಮ್ಮ ಅಕ್ಕನ ಮನೆಯ ಮುಂದೆ ನಿಂತಿದ್ದ ಒಂದು ಹಳೆಯ ಗಾಡಿ.

ಲಾರಿಯ ಚೌಕಟ್ಟಿನಂತಹ ಗಟ್ಟಿಯಾದ ಅಡಿಪಾಯದ ಮೇಲೆ ಹಾಸಿಗೆ, ಒಲೆ, ಫ್ರಿಜ್, ಸ್ನಾನದ ಕೋಣೆ ಎಲ್ಲವನ್ನೂ ಅಳವಡಿಸಿದ ವಾಹನವನ್ನು ಆ ದೇಶದಲ್ಲಿ ಮೋಟರ್‌ಹೋಮ್ ಎನ್ನುತ್ತಾರೆ. ನಾವು ಅದನ್ನು ಮನೆಗಾಡಿಯೆಂದು ಕರೆಯಬಹುದು. ಪ್ರವಾಸಿಗರಿಗೆ ಇಂತಹ ಗಾಡಿಗಳನ್ನು ಬಾಡಿಗೆಗೆ ಕೊಡುವ ಕಂಪನಿಗಳುಂಟು. ಕೆಲವು ವರ್ಷ ದುಡಿಸಿದ ಮೇಲೆ ಅವು ಹಳೆಯ ಗಾಡಿಗಳನ್ನು ಮಾರಿಬಿಡುತ್ತವೆ. ಹೊಸದಕ್ಕಿಂತ ಬೆಲೆ ಬಹಳ ಕಡಿಮೆ. ನಮ್ಮ ಭಾವನವರು ಕೊಂಡದ್ದು ಅಂತಹುದೊಂದನ್ನು.

ಗಾಡಿಯ ವಿಷಯದಲ್ಲಿ ಅವರಿಗೆ ಎರಡು ಬಗೆಯ ಮಾತುಗಳು ಕೇಳಿಬಂದಿದ್ದವು. ನೂರು ಕೈಗಳಲ್ಲಿ ತಿರುಗಿದ ಗಾಡಿಯನ್ನು ಮುಟ್ಟಬಾರದೆಂದು ನೆರೆಯವರು ಹೇಳಿದರು. ಕಾಲಕಾಲಕ್ಕೆ ಎಣ್ಣೆ ಬದಲಿಸಿದ ಗಾಡಿಗಿಂತ ಉತ್ತಮವಾದುದಿಲ್ಲವೆಂದು ಮಾರುವವರು ಹೇಳಿದರು. ಎರಡರಲ್ಲಿಯೂ ಸ್ವಲ್ಪ ಸತ್ಯವುಂಟು. ವರ್ಷಗಟ್ಟಲೆ ನಿಂತಲ್ಲಿಯೇ ನಿಂತ ಯಂತ್ರಕ್ಕಿಂತ ನಿಯಮದಿಂದ ಓಡಿದ ಯಂತ್ರವು ಚೆನ್ನಾಗಿರಬಹುದು. ಅಂತೆಯೇ ಇಷ್ಟು ಎತ್ತರದ ಗಾಡಿಯನ್ನು ಮೊದಲ ಸಲ ನಡೆಸಿದವನು ಅದರ ಮಾಡಿನ ಮೂಲೆಯನ್ನು ಮರದ ಕೊಂಬೆಗೆ ತಗುಲಿಸಿರಲೂಬಹುದು. ಆದರೆ ಇವೆರಡೂ ಅಭಿಪ್ರಾಯಗಳೇ ಹೊರತು ಅಳತೆಗಳಲ್ಲ. ಗಾಡಿಯು ಯಾರ ಕೈಯಲ್ಲಿತ್ತು ಎಂಬುದಕ್ಕಿಂತ ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ಮುಖ್ಯ. ಅದನ್ನು ಅಳೆದೇ ತಿಳಿಯಬೇಕು.

ಭಾವನವರು ಗಾಡಿಯನ್ನು ಉತ್ತಮಪಡಿಸಲು ಒಂದು ಪಟ್ಟಿ ಮಾಡಿದ್ದರು: ಮರದ ನೆಲಹಾಸು, ಹೊಸ ಮೆತ್ತೆಗಳು, ದೊಡ್ಡ ದೂರದರ್ಶನ, ಬ್ಯಾಟರಿಯಿಂದ ನಡೆಯುವ ಹವಾನಿಯಂತ್ರಣ, ಹಿಂಭಾಗದಲ್ಲಿ ಬೈಸಿಕಲ್ಲುಗಳ ಕಂಬಿ. ನಾನು ಅದನ್ನು ಓದುತ್ತ ಗೋಡೆಯ ಮೇಲಿದ್ದ ಕಾರ್ಬನ್ ಮಾನಾಕ್ಸೈಡಿನ ಎಚ್ಚರಿಕೆಗಂಟೆಯ ಗುಂಡಿಯನ್ನು ಒತ್ತಿದೆ. ಸದ್ದಿಲ್ಲ. ಕೆಳಗಿಳಿಸಿ ನೋಡಿದರೆ, ಬದಲಿಸಬೇಕೆಂದು ಅದರ ಬೆನ್ನಿನ ಮೇಲೆ ಅಚ್ಚಾಗಿದ್ದ ದಿನಾಂಕ ಎಂದೋ ಕಳೆದಿತ್ತು. ಆ ಗಾಡಿಯ ನೆಲದಡಿಯಲ್ಲಿ ಪೆಟ್ರೋಲ್ ಜನರೇಟರ್ ಒಂದಿದೆ. ಅಕ್ಕನ ಇಬ್ಬರು ಮಕ್ಕಳು ಮಲಗುವ ಹಾಸಿಗೆಯಿರುವುದು ಸರಿಯಾಗಿ ಅದರ ಮೇಲೆ.

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮಲಗಿದವನಿಗೆ ಎಚ್ಚರವೇ ಆಗದಿರಬಹುದು. ಒಲೆಯ ಅನಿಲವಾದ ಪ್ರೊಪೇನಿನ ಸ್ವಭಾವ ಬೇರೆ. ಗಾಳಿಯ ಸರಾಸರಿ ಅಣುಭಾರ ೨೯, ಪ್ರೊಪೇನಿನದು ೪೪. ಆದುದರಿಂದ ಸೋರಿದ ಅನಿಲವು ನೆಲದ ಬಳಿ ಸೇರಿಕೊಳ್ಳುತ್ತದೆ. ಅದರ ಎಚ್ಚರಿಕೆಗಂಟೆ ನೆಲದ ಸಮೀಪದಲ್ಲಿಯೇ ಇರಬೇಕು. ಹೀಗೆ ಪಟ್ಟಿಯ ಮೊದಲ ಸಾಲು ಅಂದೇ ಬದಲಾಯಿತು. ಮೆತ್ತೆಗಳ ಮುಂದೆ ಎರಡು ಎಚ್ಚರಿಕೆಗಂಟೆಗಳೂ ಒಂದು ಅಗ್ನಿಶಾಮಕವೂ ಬಂದು ನಿಂತವು.

ಎರಡನೆಯದು ಟಯರು. ಮೇಲ್ಮೈಯ ಗೀರುಗಳು ಆಳವಾಗಿದ್ದರೆ ಟಯರು ಹೊಸದೆಂದು ನಾವು ತಿಳಿಯುತ್ತೇವೆ. ಆದರೆ ಆಮ್ಲಜನಕ, ಓಜೋನ್, ಬಿಸಿಲು ಇವು ನಿಂತ ಗಾಡಿಯ ರಬ್ಬರನ್ನೂ ಕೆಡಿಸುತ್ತವೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳುಂಟು. ೨೩೧೮ ಎಂದರೆ ಅದು ೨೦೧೮ರ ೨೩ನೆಯ ವಾರದಲ್ಲಿ ತಯಾರಾದುದೆಂದರ್ಥ. ಭಾವನವರ ಗಾಡಿಯ ಹಿಂದಿನ ಎರಡು ಟಯರುಗಳು ಏಳು ವರ್ಷ ದಾಟಿದ್ದವು. ಮೂರನೆಯದು ನೀರು. ಮಾಡಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಮಳೆಯ ನೀರು ಒಳಗಿನ ಮರದ ಚೌಕಟ್ಟನ್ನು ಸದ್ದಿಲ್ಲದೆ ಕೊಳೆಯಿಸುತ್ತದೆ. ಕೊಳೆತ ಗೋಡೆಯ ಮೇಲೆ ಬಣ್ಣ ಬಳಿದರೆ ಅದು ಉತ್ತಮಪಡಿಸುವುದಲ್ಲ, ಮುಚ್ಚಿಡುವುದು.

ನಾಲ್ಕನೆಯದು ತೂಕ. ಲಾರಿಗಳು ತಂಗುವ ತಾಣದ ತೂಕದ ಸೇತುವೆಗೆ ನಾವು ಗಾಡಿಯನ್ನು ಕೊಂಡೊಯ್ದೆವು. ನೀರು, ಇಂಧನ, ಮನೆಮಂದಿ ಎಲ್ಲ ಸೇರಿ ೬,೨೪೦ ಕಿಲೋಗ್ರಾಂ. ಗಾಡಿಗೆ ವಿಧಿಸಿದ ಮಿತಿ ೬,೫೭೭. ಇನ್ನೂ ೩೩೭ ಕಿಲೋಗ್ರಾಂ ಉಳಿದಿದೆಯೆಂದು ಭಾವನವರು ಹಿಗ್ಗಿದರು. ಆದರೆ ಹಿಂದಿನ ಅಚ್ಚಿನ ಮೇಲೆ ೪,೩೦೦ ಇತ್ತು. ಅದರ ಮಿತಿ ೪,೩೫೪. ಉಳಿದುದು ೫೪ ಮಾತ್ರ. ಇನ್ನು ೬೦ ಕಿಲೋಗ್ರಾಂ ತೂಗುವ ಕಂಬಿ ಮತ್ತು ಬೈಸಿಕಲ್ಲುಗಳನ್ನು ಹಿಂದಿನ ಅಚ್ಚಿನಿಂದ ಎರಡೂವರೆ ಮೀಟರ್ ಹಿಂದಕ್ಕೆ ತೂಗುಹಾಕಿದರೇನಾಗುವುದು? ಎರಡು ಅಚ್ಚುಗಳ ನಡುವಣ ದೂರ ನಾಲ್ಕು ಮೀಟರ್. ಸನ್ನೆಕೋಲಿನ ನಿಯಮವನ್ನು ಹಚ್ಚಿದರೆ ಹಿಂದಿನ ಅಚ್ಚಿನ ಮೇಲೆ ಬೀಳುವ ಹೆಚ್ಚಿನ ಭಾರ ೬೦ ಅಲ್ಲ, ಸುಮಾರು ೯೭! ಮುಂದಿನ ಚಕ್ರಗಳಿಂದ ೩೭ ಕಿಲೋಗ್ರಾಂ ಮೇಲೆದ್ದು ಹೋಗುತ್ತದೆ. ಗಾಡಿಯನ್ನು ತಿರುಗಿಸುವ ಚಕ್ರಗಳು ಅವೇ ಎಂಬುದನ್ನು ಮರೆಯಬಾರದು.

ಈ ಭಾರ ಕಾಗದದ ಮೇಲಿನ ಅಂಕಿಯಷ್ಟೇ ಅಲ್ಲ. ಅವರು ಹೋಗಬೇಕೆಂದಿದ್ದ ದಾರಿ ಸಿಯೆರಾ ನೆವಾಡಾ ಪರ್ವತದ ಟಿಯೋಗಾ ಕಣಿವೆಯದು. ಅದರ ಎತ್ತರ ಮೂರು ಸಾವಿರ ಮೀಟರಿಗೂ ಮೇಲೆ. ಅಲ್ಲಿಂದ ಪೂರ್ವಕ್ಕೆ ಲೀ ವೈನಿಂಗ್ ಎಂಬ ಊರಿಗೆ ಇಳಿಯುವುದು ಹೆಚ್ಚುಕಡಿಮೆ ಸಾವಿರ ಮೀಟರ್. ಆರು ಸಾವಿರ ಕಿಲೋಗ್ರಾಮಿನ ವಸ್ತು ಸಾವಿರ ಮೀಟರ್ ಇಳಿದಾಗ ಕಳೆದುಕೊಳ್ಳುವ ಸ್ಥಿತಿಶಕ್ತಿ ಸುಮಾರು ೫.೯ ಕೋಟಿ ಜೂಲ್. ಇಪ್ಪತ್ತೈದು ಡಿಗ್ರಿಯಲ್ಲಿರುವ ೧೮೭ ಲೀಟರ್ ನೀರನ್ನು ನೂರು ಡಿಗ್ರಿಗೆ ಏರಿಸಲು ಇಷ್ಟು ಶಾಖ ಸಾಕು. ಇದರಲ್ಲಿ ಗಾಳಿಯ ತಡೆಗೂ ಚಕ್ರಗಳ ಉರುಳುವಿಕೆಗೂ ಒಂದು ಪಾಲು ಹೋದರೂ, ಕೆಳಗಿನ ಗಿಯರಿನಲ್ಲಿ ಯಂತ್ರದ ಪ್ರತಿರೋಧವನ್ನು ಬಳಸದೆ ಬ್ರೇಕನ್ನೇ ಒತ್ತಿ ಹಿಡಿದವನು ಮಿಕ್ಕುದೆಲ್ಲವನ್ನೂ ಆ ಕಬ್ಬಿಣದ ಬಿಲ್ಲೆಗಳಿಗೇ ಉಣಿಸುತ್ತಾನೆ.

ಐದನೆಯದು ವಿದ್ಯುತ್ತು. ನೂರು ಆಂಪಿಯರ್-ಗಂಟೆಯ ೧೨ ವೋಲ್ಟ್ ಬ್ಯಾಟರಿಯಲ್ಲಿರುವುದು ೧,೨೦೦ ವಾಟ್-ಗಂಟೆ. ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧವನ್ನು ಮಾತ್ರ ಬಳಸಬೇಕು, ಅಂದರೆ ೬೦೦. ಮಾಡಿನ ಮೇಲಿನ ಹವಾನಿಯಂತ್ರಣ ಯಂತ್ರಕ್ಕೆ ಸುಮಾರು ೧,೫೦೦ ವಾಟ್ ಬೇಕು. ಭಾಗಾಕಾರ ಮಾಡಿದರೆ ಇಪ್ಪತ್ತನಾಲ್ಕು ನಿಮಿಷ! ಅದೂ ೧೨ ವೋಲ್ಟಿನಲ್ಲಿ ಹರಿಯುವ ಪ್ರವಾಹ ೧೨೫ ಆಂಪಿಯರ್. ತಂತಿಯ ರೋಧ ಒಂದು ಓಮಿನ ನೂರರಲ್ಲೊಂದು ಪಾಲಿದ್ದರೂ ಅದರಲ್ಲಿ ಹುಟ್ಟುವ ಶಾಖ ೧೫೬ ವಾಟ್. ಅದೇ ಯಂತ್ರ ನಮ್ಮ ಮನೆಗಳ ೨೩೦ ವೋಲ್ಟಿನಲ್ಲಿ ನಡೆದರೆ ಅದೇ ತಂತಿಯಲ್ಲಿ ಹುಟ್ಟುವುದು ಅರ್ಧ ವಾಟಿಗೂ ಕಡಿಮೆ. ಪ್ರವಾಹದ ವರ್ಗವೆಂಬ ಮಾತಿನ ಅರ್ಥ ಇದೇ. ಐದು ಅಂಕಗಳ ಸೂತ್ರವನ್ನು ಮರೆತು ತೆಳುವಾದ ತಂತಿ ಹಾಕಿದವನ ಗಾಡಿ ಹೊತ್ತಿಕೊಳ್ಳಬಹುದು.

ಹಾಗಾದರೆ ವಿದ್ಯುತ್ತಿನ ಸುಖವೇ ಬೇಡವೆ? ಬೇಕು, ಆದರೆ ಆಯವ್ಯಯದ ಲೆಕ್ಕ ಹಾಕಿ. ದೀಪಗಳು, ಬೀಸಣಿಗೆ, ನೀರಿನ ಪಂಪು, ಫೋನುಗಳು ಇವೆಲ್ಲಕ್ಕೆ ದಿನಕ್ಕೆ ೪೯೦ ವಾಟ್-ಗಂಟೆ ಸಾಕೆಂದು ನಾವು ಕಂಡೆವು. ಇನ್ನೂರು ವಾಟಿನ ಸೌರಫಲಕವು ಐದು ಗಂಟೆಯ ಒಳ್ಳೆಯ ಬಿಸಿಲಿನಲ್ಲಿ, ನಷ್ಟವನ್ನು ಕಳೆದು, ಸುಮಾರು ೭೦೦ ವಾಟ್-ಗಂಟೆ ಕೊಡಬಲ್ಲುದು. ಆಯ ವ್ಯಯಕ್ಕಿಂತ ಹೆಚ್ಚು. ಹವಾನಿಯಂತ್ರಣ ಬೇಕಾದ ದಿನ ತಂಗುದಾಣದ ವಿದ್ಯುತ್ತಿಗೆ ಗಾಡಿಯನ್ನು ಜೋಡಿಸಿದರಾಯಿತು.

ಗಾಡಿಯ ಹಳೆಯ ಫ್ರಿಜ್ಜನ್ನು ಕಿತ್ತೆಸೆಯಬೇಕೆಂದೂ ಅವರಿಗಿತ್ತು. ಅದು ಅನಿಲದ ಸಣ್ಣ ಜ್ವಾಲೆಯ ಶಾಖದಿಂದಲೇ ತಂಪನ್ನು ಉಂಟುಮಾಡುವ ಯಂತ್ರ. ಅಮೋನಿಯ, ನೀರು, ಜಲಜನಕ ಇವುಗಳಿಂದ ಕೆಲಸ ಮಾಡುವ ಈ ಯುಕ್ತಿಯನ್ನು ೧೯೨೨ರಲ್ಲಿ ಕಂಡುಹಿಡಿದವರು ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು: ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ಅದರೊಳಗೆ ದ್ರವವು ಗುರುತ್ವದಿಂದಲೇ ಹರಿಯುವುದರಿಂದ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಬೇಕು. ಈ ಒಂದು ನಿಯಮವನ್ನು ಪಾಲಿಸಿದರೆ ಆ ಫ್ರಿಜ್ಜು ಬ್ಯಾಟರಿಯನ್ನು ಬಹಳ ಕಡಿಮೆ ಬಳಸಿ ನಡೆಯುತ್ತದೆ. ಹಳೆಯದೆಲ್ಲವೂ ಎಸೆಯತಕ್ಕುದಲ್ಲ.

ಇಷ್ಟೆಲ್ಲ ಕೇಳಿದ ಭಾವನವರು, “ಏನಪ್ಪಾ, ನಿನ್ನ ತಕ್ಕಡಿಯಲ್ಲಿ ಸಂತೋಷವನ್ನು ತೂಗಲು ಬರುತ್ತದೆಯೆ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಬರುವುದಿಲ್ಲ. ಮೆತ್ತೆಯ ಬಣ್ಣವನ್ನು ಆರಿಸಲು ಭೌತವಿಜ್ಞಾನ ಬೇಕಾಗಿಯೂ ಇಲ್ಲ. ನನ್ನ ವಾದ ಇಷ್ಟೇ: ಹಣ ಮಿತವಾಗಿರುವವನಿಗೆ ಕ್ರಮವೇ ಮುಖ್ಯ. ಮೊದಲು ಪ್ರಾಣ, ಅನಂತರ ಟಯರು ಮತ್ತು ಮಾಡು, ಆಮೇಲೆ ತೂಕ, ಬಳಿಕ ವಿದ್ಯುತ್ತು, ಕೊನೆಗೆ ಅಲಂಕಾರ. ಅಂಗಡಿಯವನು ಈ ಪಟ್ಟಿಯನ್ನು ತಲೆಕೆಳಗಾಗಿ ತೋರಿಸುತ್ತಾನೆ. ಹೊಳೆಯುವ ವಸ್ತುಗಳು ಕಣ್ಣಿಗೆ ಬೀಳುತ್ತವೆ. ದಿನಾಂಕ ಕಳೆದ ಎಚ್ಚರಿಕೆಗಂಟೆ ಬೀಳುವುದಿಲ್ಲ.

ನಮ್ಮಲ್ಲಿ ಮನೆಗಾಡಿಯನ್ನು ಕೊಳ್ಳುವವರು ವಿರಳ. ಆದರೆ ಮನೆಯ ಮೂಲೆಯಲ್ಲಿರುವ ಇನ್ವರ್ಟರಿನೊಳಗೆ ಇರುವುದು ಅನೇಕ ಕಡೆ ಇದೇ ಸೀಸದ ಬ್ಯಾಟರಿ. ಕೈಬದಲಾದ ಸ್ಕೂಟರಿನ ಟಯರೂ ಇದೇ ರಬ್ಬರು. ಈ ಲೇಖನವನ್ನು ಓದಿದ ವಿದ್ಯಾರ್ಥಿಯು ಇಂದು ಸಂಜೆ ಆ ಬ್ಯಾಟರಿಯ ಮೇಲಿನ ಆಂಪಿಯರ್-ಗಂಟೆಯನ್ನು ಓದಿ, ಬೀಸಣಿಗೆ ಎಷ್ಟು ಹೊತ್ತು ನಡೆಯುವುದೆಂದು ಲೆಕ್ಕ ಹಾಕಿ, ಮುಂದೆ ವಿದ್ಯುತ್ತು ಹೋದಾಗ ಗಡಿಯಾರ ಹಿಡಿದು ನೋಡಲಿ. ಉತ್ತರ ತಪ್ಪಿದರೆ ಇನ್ನೂ ಒಳ್ಳೆಯದು. ಏಕೆ ತಪ್ಪಿತೆಂದು ಯೋಚಿಸಿದಾಗಲೇ ವಿಜ್ಞಾನವು ಪ್ರಾರಂಭವಾಗುತ್ತದೆ.

ಬೈಸಿಕಲ್ಲುಗಳನ್ನು ಮನೆಯಲ್ಲಿಯೇ ಬಿಟ್ಟು ಅಕ್ಕನ ಸಂಸಾರ ಟಿಯೋಗಾ ಕಣಿವೆಯನ್ನು ದಾಟಿತು. ಆ ರಾತ್ರಿ ಜನರೇಟರ್ ನಡೆಯಲಿಲ್ಲ; ಮಕ್ಕಳ ತಲೆಯ ಬಳಿ ಹೊಸ ಎಚ್ಚರಿಕೆಗಂಟೆಯ ಹಸಿರು ದೀಪ ಉರಿಯುತ್ತಿತ್ತೆಂದು ಅಕ್ಕ ಬರೆದಿದ್ದಳು. ಕಿಟಕಿಗಳಿಗೆ ಪರದೆಗಳನ್ನು ಈ ವರ್ಷ ಹೊಲಿಯುವಳಂತೆ.