ಸ್ಪೀಕರ್ ಬದಲಿಸೋ ಮುಂಚೆ ಜಾಗ ಬದಲಿಸಿ ಸ್ವಾಮಿ!

ಮೊನ್ನೆ ಮನೆಗೆ ಬಂದ ಗೆಳೆಯನೊಬ್ಬ ಅಪ್ಪನ ಕಾಲದ ಸ್ಪೀಕರ್ ನೋಡಿ "ಇನ್ನೂ ಈ ಡಬ್ಬ ಇಟ್ಕೊಂಡಿದ್ದೀಯಾ? 70 ಸಾವಿರ ಹಾಕು, ಹೊಸ ಜೋಡಿ ತಗೋ" ಅಂದ. ತಲೆಗೆ ಹುಳ ಬಿಟ್ಟು ಹೋದ. ಅಂಗಡಿಗೂ ಹೋಗಿ ಬಂದೆ. ಕೊನೆಗೆ ಬೇಡ ಅಂತ ತೀರ್ಮಾನಿಸಿದೆ. ಯಾಕೆ ಅಂತೀರಾ?

ಅಂಗಡಿಯವನದು ಬರೀ ವ್ಯಾಟ್ ಲೆಕ್ಕ. ವ್ಯಾಟ್ ಎರಡರಷ್ಟಾದರೆ ಶಬ್ದ ಏರೋದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸೋಕೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತರಷ್ಟು ವ್ಯಾಟ್! ಇನ್ನು "ಕೇಳಿದ ಕೂಡಲೇ ಗೊತ್ತಾಗುತ್ತೆ ಸಾರ್" ಅನ್ನೋ ಮಾತು. 1994ರಲ್ಲಿ ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಪ್ರಕಟಿಸಿದ ಪರೀಕ್ಷೆಯಲ್ಲಿ ಸ್ಪೀಕರ್ ಕಣ್ಣಿಗೆ ಕಂಡಾಗ ಜನ ಕೊಟ್ಟ ಅಂಕವೇ ಬೇರೆ, ಕಾಣದಂತೆ ಮರೆಮಾಡಿದಾಗ ಕೊಟ್ಟಿದ್ದೇ ಬೇರೆ. ಕಿವಿ ಜೊತೆ ಕಣ್ಣೂ ಅಂಕ ಹಾಕುತ್ತೆ!

ನಮ್ಮ ಮನೆಗಳೋ ಗ್ರಾನೈಟ್ ನೆಲ, ಬರಿ ಗೋಡೆ. ಸ್ಪೀಕರ್ ಮೂಲೆಗೆ ತಳ್ಳಿ ಮೇಲೊಂದು ಹೂದಾನಿ ಇಡ್ತೀವಿ. ಬೇಸ್ ಗುಂಯ್ ಅನ್ನದೆ ಇನ್ನೇನು? ನಾನು ಮಾಡಿದ್ದಿಷ್ಟೇ: ಗೋಡೆಯಿಂದ ಎರಡಡಿ ಮುಂದೆ ಎಳೆದೆ, ಟ್ವೀಟರನ್ನ ಕಿವಿ ಮಟ್ಟಕ್ಕೆ ತಂದೆ, ಜಮಖಾನ ಹಾಸಿದೆ, ಕೋನ್ ಸುತ್ತ ಪುಡಿಯಾಗಿದ್ದ ಫೋಮ್ ಹೊಸದು ಹಾಕಿಸಿದೆ. ಅದೇ ಹಳೇ ಮನ್ಸೂರರ ಸಿಡಿ... ತಂಬೂರಿಯ ಒಂದೊಂದು ತಂತಿಯೂ ಕೇಳಿಸ್ತು! ಅಮ್ಮ ಅಡುಗೆಮನೆಯಿಂದ ಬಂದು "ಹೊಸದು ತಂದ್ಯಾ?" ಅಂದ್ರು.

ಒಳ್ಳೇ ಸ್ಪೀಕರ್ ಕೊಳ್ಳಲೇಬೇಡಿ ಅಂತಿಲ್ಲ. ಇರೋದನ್ನ ಮೊದಲು ಸರಿಯಾಗಿ ಕೇಳಿ, ಆಮೇಲೆ ಜೇಬಿಗೆ ಕೈ ಹಾಕಿ. ನೀವೇನಂತೀರಿ? :-)