ಬ್ಯಾಟರಿಯ ಒಡಲು, ಗೃಹಸ್ಥರ ಎಚ್ಚರ

ವಿದ್ಯುತ್ತು ಹೋದೊಡನೆ ದೀಪ ಬೆಳಗಿಸುವ ಇನ್ವರ್ಟರ್ ಇಂದು ಅನೇಕ ಮನೆಗಳ ಮೂಲೆಯಲ್ಲಿ ನೆಲೆಸಿದೆ. ಅದರ ಬ್ಯಾಟರಿಯೊಳಗೆ ನಡೆಯುವುದೇನೆಂಬುದನ್ನು ಬಲ್ಲವರು ಮಾತ್ರ ವಿರಳ. ಅರಿಯದಿರುವುದು ಅಪಾಯಕ್ಕೂ ದಾರಿಯಾದೀತೆಂದು ಈ ತಿಂಗಳು ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ರಾಸಾಯನಿಕ ಕ್ರಿಯೆಯೆಂದರೆ ಪದಾರ್ಥಗಳ ರೂಪಾಂತರವಷ್ಟೇ ಅಲ್ಲ, ಶಕ್ತಿಯ ಕೊಡುಕೊಳ್ಳುವಿಕೆಯೂ ಹೌದು. ಸುಟ್ಟ ಸುಣ್ಣಕ್ಕೆ ನೀರೆರೆದರೆ ಅದು ಕೊತಕೊತನೆ ಕುದಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅಲ್ಲಿ ಶಕ್ತಿ ಶಾಖವಾಗಿ ಹೊರಬೀಳುತ್ತದೆ. ತಕ್ಕ ಪದಾರ್ಥಗಳನ್ನು ಆಯ್ದು, ಕ್ರಿಯೆಯ ಶಕ್ತಿಯನ್ನು ತಂತಿಯ ಮೂಲಕ ವಿದ್ಯುತ್ತಾಗಿ ಹರಿಸುವ ಯುಕ್ತಿಯೇ ವಿದ್ಯುತ್ಕೋಶ. ಇಟಲಿಯ ವೋಲ್ಟಾ 1800ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದನು. ಮರಳಿ ಮರಳಿ ಚಾರ್ಜ್ ಮಾಡಬಹುದಾದ ಸೀಸದ ಬ್ಯಾಟರಿಯನ್ನು 1859ರಲ್ಲಿ ರಚಿಸಿದವನು ಫ್ರಾನ್ಸಿನ ಪ್ಲಾಂಟೆ.

ಲಿಥಿಯಮ್ ಬ್ಯಾಟರಿಗಳು ಬಂದಿವೆಯಾದರೂ ಬಹಳಷ್ಟು ಮನೆಗಳಲ್ಲಿರುವುದು ಸೀಸದ ಬ್ಯಾಟರಿಯೇ. ಸೀಸದ ಫಲಕ ಮತ್ತು ಸೀಸದ ಡೈಆಕ್ಸೈಡಿನ ಫಲಕ ನೀರು ಬೆರೆತ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಒಂದು ಕೋಶ ಸುಮಾರು 2 ವೋಲ್ಟ್ ಕೊಡುತ್ತದೆ. ಆರು ಕೋಶಗಳು ಸೇರಿ 12 ವೋಲ್ಟ್. ವಿದ್ಯುತ್ತು ಕೊಡುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡಿ ಆಮ್ಲ ತೆಳುವಾಗುತ್ತದೆ. ಚಾರ್ಜ್ ಮಾಡುವಾಗ ಇದೇ ಕ್ರಿಯೆ ಹಿಮ್ಮುಖವಾಗುತ್ತದೆ.

ಚಾರ್ಜ್ ಪೂರ್ಣವಾಗುತ್ತ ಬಂದಂತೆ ನೀರಿನ ಒಂದಂಶ ಒಡೆದು ಜಲಜನಕ, ಆಮ್ಲಜನಕಗಳಾಗಿ ಹೊರಹೋಗುತ್ತದೆ. ಮಟ್ಟ ಇಳಿಯುವುದು ಮುಖ್ಯವಾಗಿ ಇದರಿಂದಲೇ. ಕಡಿಮೆಯಾದುದು ನೀರು, ಆದಕಾರಣ ತುಂಬಬೇಕಾದುದೂ ಬಟ್ಟಿಯಿಳಿಸಿದ ನೀರೇ, ಆಮ್ಲವಲ್ಲ. ಕೊಳವೆಬಾವಿಯ ನೀರಿನ ಲವಣಗಳು ಫಲಕಗಳನ್ನು ಕೆಡಿಸುತ್ತವೆ.

ಗಾಳಿಯಲ್ಲಿ ನೂರಕ್ಕೆ 4 ಪಾಲು ಜಲಜನಕ ಸೇರಿದರೂ ಒಂದು ಕಿಡಿಗೆ ಅದು ಹೊತ್ತಿಕೊಳ್ಳಬಲ್ಲದು. ಆದ್ದರಿಂದ ಬ್ಯಾಟರಿಯನ್ನು ಗಾಳಿಯಾಡದ ಕಪಾಟಿನಲ್ಲಿಯಾಗಲಿ, ದೀಪ ಉರಿಯುವ ದೇವರ ಕೋಣೆಯಲ್ಲಿಯಾಗಲಿ ಇಡಲಾಗದು. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರುವುದಂತೂ ಕೂಡದು. ಆಮ್ಲ ಮೈಗಾಗಲಿ ಕಣ್ಣಿಗಾಗಲಿ ಸಿಡಿದರೆ ಒಡನೆಯೇ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರ ಬಳಿ ಧಾವಿಸಬೇಕು.

ಕೊನೆಯದಾಗಿ ಇನ್ನೊಂದು ಮಾತು. ಸವೆದ ಬ್ಯಾಟರಿಯನ್ನು ಹೆಚ್ಚು ಬೆಲೆಯ ಆಸೆಗೆ ಕಂಡ ಗುಜರಿಯವರಿಗೆ ಕೊಡಬಾರದು. ಅದನ್ನು ಬಯಲಿನಲ್ಲಿ ಒಡೆದು ಕರಗಿಸಿದರೆ ಸೀಸ ಗಾಳಿಗೂ ಮಣ್ಣಿಗೂ ಸೇರುತ್ತದೆ. ಮಕ್ಕಳ ಬೆಳೆಯುವ ಮಿದುಳಿಗೆ ಸೀಸ ವಿಷ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಹಿಂತಿರುಗಿಸೋಣ. ನಮ್ಮ ಮನೆಯ ಬೆಳಕು ಪರರ ಮಕ್ಕಳ ಪಾಲಿಗೆ ಕತ್ತಲೆಯಾಗದಿರಲಿ.